ಸರ್ವರ್ ರೂಮಿನ ಪರ್ಸೆಂಟ್ ಪುರಾಣ

ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತೆ ಅಂತ ಬಹಳ ಜನ ಕೇಳುತ್ತಾರೆ. ಕಂಪ್ಯೂಟರ್ ಪಾಪ, ತನ್ನ ಪಾಡಿಗೆ ತಾನಿರುತ್ತೆ. ಅದರ ಸುತ್ತ ಇರೋ ನಾವು ಸುಮ್ಮನಿರಲ್ಲ. ಹಾಗಾಗಿ ನನಗೆ ಆಗಾಗ ನಗುವಂಥದ್ದೊಂದು ಗಂಟು ಬೀಳುತ್ತಲೇ ಇರುತ್ತೆ.

ನಾನು ಕೆಲಸ ಮಾಡೋದು ತುಮಕೂರಿನಲ್ಲಿ, ರೈತರ ಸಹಕಾರ ಸಂಘವೊಂದರ ಹೆಡ್ಡಾಫೀಸಿನಲ್ಲಿ. ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಶಾಖೆ ಇದೆ. ಗೊಬ್ಬರ, ಬಿತ್ತನೆ ಬೀಜ, ಹಿಂಡಿ, ಬೂಸ ಮಾರುತ್ತೇವೆ. ಸದಸ್ಯರ ವಿವರ, ಗೋಡೌನಿನ ದಾಸ್ತಾನು, ಎಲ್ಲವೂ ಒಂದೇ ಡೇಟಾಬೇಸಿನಲ್ಲಿ. ಅದು ಓಡೋದು ಆಫೀಸಿನ ಹಿಂಬದಿಯ ಎ.ಸಿ. ಕೋಣೆಯಲ್ಲಿರುವ ಒಂದು ಸರ್ವರಿನ ಮೇಲೆ. ಆ ಸರ್ವರಿನ ಮಿದುಳು, ಅಂದರೆ ಪ್ರೊಸೆಸರ್, ನೂರಕ್ಕೆ ಎಷ್ಟು ಪಾಲು ದುಡಿಯುತ್ತಿದೆ ಅಂತ ನೋಡೋದು, ನೋಡಿ ದಿನಾ ಬೆಳಿಗ್ಗೆ ಒಂದು ವರದಿ ಕೊಡೋದು ನನ್ನ ಕೆಲಸ. ಮೂವತ್ತು, ನಲವತ್ತು ಇದ್ದರೆ ಆರಾಮ. ತೊಂಬತ್ತು ದಾಟಿದರೆ ಎಲ್ಲಾ ಕೌಂಟರುಗಳಲ್ಲೂ ಸ್ಕ್ರೀನು ಕಲ್ಲಿನ ಹಾಗೆ ನಿಂತುಬಿಡುತ್ತೆ. ಇಷ್ಟು ತಿಳಿದುಕೊಂಡರೆ, ನಮ್ಮ ಸಾಹೇಬರಿಗೆ ಗೊತ್ತಿರೋದಕ್ಕಿಂತ ಜಾಸ್ತಿ ನಿಮಗೆ ಗೊತ್ತಾಯಿತು ಅಂತ ಲೆಕ್ಕ.

ಜಸ್ಟ್ ಪಾಸ್

ಸಾಹೇಬರು ಅಂದರೆ ನಮ್ಮ ಸಂಘದ ಕಾರ್ಯದರ್ಶಿಗಳು. ಹಿಂದೆ ಎಲ್ಲೋ ಹೈಸ್ಕೂಲಿನ ಆಡಳಿತ ನೋಡಿಕೊಂಡಿದ್ದವರು, ನಮ್ಮಲ್ಲಿಗೆ ಹೊಸದಾಗಿ ಬಂದಿದ್ದರು. ಬಂದ ವಾರವೇ ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನ ವರದಿ ಇತ್ತು.

"ಏನಮ್ಮ ಇದು, ಮೂವತ್ತೈದು?"

"ಹೌದು ಸಾರ್, ನಿನ್ನೆಯದು. ಪ್ರೊಸೆಸರ್."

"ಜಸ್ಟ್ ಪಾಸು!"

ಇಲ್ಲ ಸಾರ್, ಇದು ಆ ಥರ ಅಲ್ಲ, ಕಮ್ಮಿ ಇದ್ದಷ್ಟೂ ಒಳ್ಳೆಯದು ಅಂದೆ.

"ಕಮ್ಮಿ ತಗೊಂಡೋರೆಲ್ಲ ಹಂಗೇ ಅನ್ನೋದು," ಅಂದರು. "ಇಷ್ಟು ದೊಡ್ಡ ಮಿಷನ್ನು, ಎ.ಸಿ. ಬೇರೆ ಹಾಕಿ ಕೂರಿಸಿದೀವಿ. ಇನ್ನು ಅರವತ್ತೈದು ಎಲ್ಲಿಗೆ ಹೋಯ್ತು?"

ಹಾಳೆಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ 'ಪ್ರಗತಿ ಸಾಲದು' ಅಂತ ಬರೆದು, ಸಹಿ ಮಾಡಿ, ನನ್ನ ಕೈಗೆ ಕೊಟ್ಟರು. ಮನೆಗೆ ಹೋಗಿ ಅಪ್ಪನ ಸಹಿ ಹಾಕಿಸಿಕೊಂಡು ಬಾ ಅನ್ನಲಿಲ್ಲ, ಅಷ್ಟೇ.

ಮುಂಗಾರು ಶುರುವಾಯಿತು. ಎಲ್ಲರಿಗೂ ಒಟ್ಟಿಗೇ ಗೊಬ್ಬರ ಬೇಕು. ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಪ್ರೊಸೆಸರ್ ಏರಿ ಏರಿ ತೊಂಬತ್ತಾರಕ್ಕೆ ಹೋಗಿ ಅಲ್ಲೇ ಕೂತಿತು. ಶಾಖೆಗಳಿಂದ ಮೇಲಿಂದ ಮೇಲೆ ಫೋನು. ನಾನು ಬೆವರುತ್ತಾ ಸಾಹೇಬರ ರೂಮಿಗೆ ಓಡಿದೆ.

"ಸಾರ್, ತೊಂಬತ್ತಾರು!"

ಸಾಹೇಬರು ಎದ್ದು ನಿಂತು ಕೈಕುಲುಕಿಬಿಟ್ಟರು. ನಾನು ಬಾಯಿ ಬಿಡುವಷ್ಟರಲ್ಲಿ ಮೈಸೂರ್‌ಪಾಕು ತರೋಕೆ ಕಳಿಸಿಯೂ ಆಗಿತ್ತು. ಅಷ್ಟರಲ್ಲಿ ಹೊರಗೆ ಕೌಂಟರಿನ ಹತ್ತಿರ ಜನ ಜೋರಾಗಿ ಕೂಗೋಕೆ ಶುರು ಮಾಡಿದರು. ಸಾಹೇಬರು ಬಾಗಿಲ ಕಡೆ ನೋಡಿ ಬೇಜಾರು ಮಾಡಿಕೊಂಡರು.

"ಡಿಸ್ಟಿಂಕ್ಷನ್ ಬಂದ ದಿನಾನೇ ಈ ಜನ ಗಲಾಟೆ ಮಾಡ್ಬೇಕಾ?"

ದೊಡ್ಡಮ್ಮನ ತೀರ್ಮಾನ

ಹೆಬ್ಬೂರಿನಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಅವರ ಮೊಮ್ಮಗನ ನಾಮಕರಣಕ್ಕೆ ಹೋಗಿದ್ದಾಗ, ಹೆಂಗಸರೆಲ್ಲ ಕೂತು ಅವರೆಕಾಯಿ ಸುಲಿಯುತ್ತಿದ್ದರು. ದೊಡ್ಡಮ್ಮ ಎಲ್ಲರ ಮುಂದೆ ಕೇಳಿದರು.

"ಅಲ್ಲ ಕಣವ್ವ, ನೀನು ತುಮಕೂರಲ್ಲಿ ಮಾಡೋ ಕೆಲ್ಸ ಏನು ಅಂತ ಒಬ್ರಿಗೂ ಹೇಳಕ್ಕಾಗಕಿಲ್ಲ ನಂಗೆ. ಏನದು?"

ಆದಷ್ಟೂ ಬಿಡಿಸಿ ಹೇಳೋಣ ಅಂತ, "ಒಂದು ಮಿಷನ್ ಇದೆ ದೊಡ್ಡಮ್ಮ. ಅದು ಎಷ್ಟು ಕೆಲಸ ಮಾಡ್ತಿದೆ ಅಂತ ನೋಡ್ತಾ ಇರ್ತೀನಿ," ಅಂದೆ.

"ನೀನು ಅದ್ರ ಜೊತೆ ಮಾಡಕಿಲ್ವಾ?"

"ಇಲ್ಲ, ನೋಡ್ತೀನಿ."

"ಅದು ಜಾಸ್ತಿ ಮಾಡ್ತು ಅಂತಿಟ್ಕೋ. ಆಗೇನ್ಮಾಡ್ತೀಯ?"

"ಸಾಹೇಬರಿಗೆ ಹೇಳ್ತೀನಿ."

"ಕಮ್ಮಿ ಮಾಡ್ತು?"

"ಅದನ್ನೂ ಹೇಳ್ತೀನಿ."

"ಯಾರಿಂದ ಹಂಗಾಯ್ತು ಅಂತ?"

"ಅದನ್ನ ಪತ್ತೆ ಮಾಡಿ, ಅವರ ಹೆಸರೂ ಹೇಳ್ತೀನಿ."

ದೊಡ್ಡಮ್ಮ ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟರು. ಮುಖದಲ್ಲಿ ಎಲ್ಲವೂ ಅರ್ಥವಾದ ನೆಮ್ಮದಿ.

"ಹಂಗನ್ನು ಮತ್ತೆ! ಚಾಡಿ ಹೇಳೋ ಕೆಲ್ಸ."

ಪಕ್ಕದ ಮನೆಯಾಕೆ ಬಾಯಿ ಮೇಲೆ ಬೆರಳಿಟ್ಟುಕೊಂಡು, "ಅದಕ್ಕೆ ಸಂಬಳಾನೂ ಕೊಡ್ತಾರಾ?" ಅಂದಳು.

ದೊಡ್ಡಮ್ಮ ನಿಟ್ಟುಸಿರು ಬಿಟ್ಟು ಹೇಳಿದರು: "ಕೊಡ್ತಾರಂತೆ ನೋಡು. ನಾವು ಇಷ್ಟ್ ವರ್ಷ ಪುಕ್ಸಟ್ಟೆ ಮಾಡ್ಬುಟ್ವಿ."

ಶಿವಣ್ಣ ಅನ್ನೋರು

ಗುಬ್ಬಿ ಶಾಖೆಯದು ಬೇರೆಯೇ ಕಥೆ. ವಾರವೆಲ್ಲ ತಣ್ಣಗಿರುವ ಪ್ರೊಸೆಸರು ಸಂತೆ ದಿನ ಮಾತ್ರ ಮೆಟ್ಟಿಲು ಹತ್ತಿದ ಹಾಗೆ ಏರುತ್ತಿತ್ತು. ಯಾವ ಕೆಲಸದಿಂದ ಅಂತ ಹುಡುಕಿದೆ. ಗುಬ್ಬಿ ಕೌಂಟರಿನಿಂದ ಯಾರೋ 'ಶಿವ' ಅಂತ ಎರಡೇ ಅಕ್ಷರ ಟೈಪು ಮಾಡಿ ಸದಸ್ಯರ ಹೆಸರು ಹುಡುಕುತ್ತಿದ್ದರು. ಹಾಗೆ ಕೇಳಿದರೆ ಡೇಟಾಬೇಸು ಏನು ಮಾಡಬೇಕು? ಮೊದಲಿನಿಂದ ಕೊನೆಯವರೆಗೆ ಒಬ್ಬೊಬ್ಬ ಸದಸ್ಯನನ್ನೂ ನಿಲ್ಲಿಸಿ ನೀನು ಶಿವನಾ, ನೀನು ಶಿವನಾ ಅಂತ ವಿಚಾರಿಸಬೇಕು. ಉತ್ತರ ಬರೋದು ತಡವಾಯಿತು ಅಂತ ಅಲ್ಲಿಂದ ಇನ್ನೊಂದು ಸಲ ಒತ್ತುತ್ತಿದ್ದರು. ಅದು ಮತ್ತೆ ಮೊದಲಿಂದ ಶುರು.

ಫೋನಿನಲ್ಲಿ ಹೇಳಿದರೆ ಆಗೋ ಕೆಲಸವಲ್ಲ ಅಂತ ಒಂದು ಸಂತೆ ದಿನ ನಾನೇ ಗುಬ್ಬಿಗೆ ಹೋದೆ. ಕೌಂಟರಿನಲ್ಲಿ ನಮ್ಮ ಗುಮಾಸ್ತರು, ಮುಂದೆ ಉದ್ದನೆಯ ಸಾಲು.

"ಸಾರ್, ಎರಡಕ್ಷರ ಹಾಕಿ ಹುಡುಕಬೇಡಿ. ಸದಸ್ಯರ ನಂಬರ್ ಕೇಳಿ," ಅಂದೆ.

"ಕೂತ್ಕೊಳಿ ಮೇಡಂ, ನೀವೇ ಕೇಳಿ," ಅಂತ ಕುರ್ಚಿ ಬಿಟ್ಟುಕೊಟ್ಟರು.

ಮೊದಲು ಬಂದವರು ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದ ಹಿರಿಯರು.

"ಯಜಮಾನ್ರೇ, ನಿಮ್ಮ ನಂಬರ್ ಹೇಳಿ."

"ಫೋನ್ ಮನೇಲ್ ಬುಟ್ಟು ಬಂದೆ ಕಣವ್ವ."

"ಫೋನ್ ನಂಬರ್ ಅಲ್ಲ, ಸದಸ್ಯರ ನಂಬರು."

"ನಂಬರ್ಯಾಕೆ? ಶಿವಣ್ಣ ಅನ್ನು, ಎಲ್ರಿಗೂ ಗೊತ್ತು."

"ಎಲ್ಲರಿಗೂ ಗೊತ್ತು, ಈ ಕಂಪ್ಯೂಟರಿಗೆ ಗೊತ್ತಾಗಲ್ಲ. ತಂದೆ ಹೆಸರು?"

"ಅವ್ರೂ ಶಿವಣ್ಣನೇಯ. ದೊಡ್ಡ ಶಿವಣ್ಣ."

ಹಿಂದೆ ಇದ್ದವರೊಬ್ಬರು ಮುಂದಕ್ಕೆ ಬಗ್ಗಿ, "ನಾನೂ ಶಿವಣ್ಣ ಕಣವ್ವ, ನಂದೂ ಒಟ್ಟಿಗೇ ನೋಡ್ಬುಡು," ಅಂದರು. ಅವರ ಹಿಂದಿನವರು ಶಿವಲಿಂಗಯ್ಯ. ಅವರ ಹಿಂದೆ ಶಿವರುದ್ರಯ್ಯ. ನನಗೆ ಡೇಟಾಬೇಸಿನ ಕಷ್ಟ ಆಗ ಅರ್ಥವಾಯಿತು.

ಗುಮಾಸ್ತರು ಇದನ್ನೆಲ್ಲ ನೋಡುತ್ತಾ ನಿಂತಿದ್ದವರು ಕೊನೆಗೆ ನನ್ನ ಮೇಲೆ ಕನಿಕರ ತೋರಿಸಿದರು. "ಮೇಡಂಗೆ ಸುಲಭ ಮಾಡ್ಕೊಡ್ತೀನಿ ತಡೀರಿ," ಅಂದು ಸಾಲಿನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು.

"ನೋಡ್ರಪ್ಪ, ಶಿವ ಅಂತ ಹೆಸರಿರೋರೆಲ್ಲ ಈ ಕಡೆಗೆ ಬನ್ನಿ. ಬೇರೆಯವರೆಲ್ಲ ಆ ಕಡೆ ನಿಂತ್ಕೊಳಿ!"

ಒಂದು ಸಲ ಗಲಿಬಿಲಿಯಾಯಿತು. ಸಾಲಿಗೆ ಸಾಲೇ ಈ ಕಡೆಗೆ ಬಂದು ನಿಂತಿತು. ಆ ಕಡೆ ಉಳಿದದ್ದು ನಾನೊಬ್ಬಳೇ.

ನನ್ನ ವರದಿಗೊಬ್ಬರು ಓದುಗರು

ದಿನಾ ವರದಿ ಬರೆಯುತ್ತೇನೆ ಅಂದೆನಲ್ಲ, ಅದನ್ನು ಯಾರಾದರೂ ಓದುತ್ತಾರಾ ಅಂತ ಕೇಳಬೇಡಿ. ಒಂದು ಸಲ ಹಳೆಯ ತಾರೀಖಿನ ವರದಿಯನ್ನೇ ಮತ್ತೆ ಕಳಿಸಿದಾಗಲೂ ಎಲ್ಲರಿಂದ 'ನೋಡಿದೆ' ಅಂತ ಉತ್ತರ ಬಂದಿತ್ತು.

ಹೀಗಿರುವಾಗ ಒಂದು ಮಳೆಗಾಲದಲ್ಲಿ ನಮ್ಮ ಲೆಕ್ಕಾಧಿಕಾರಿಗಳು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬರೋಕೆ ಶುರು ಮಾಡಿದರು. ಗೂಳೂರಿನಿಂದ ಸ್ಕೂಟರಿನಲ್ಲಿ ಬರುವ ಗಂಭೀರ ಮನುಷ್ಯರು, ಮಾತು ಕಡಿಮೆ.

"ಇವತ್ತು ಎಷ್ಟು ಹೋಗಬಹುದಮ್ಮ ಪ್ರೊಸೆಸರು?"

ನನಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. "ಮಧ್ಯಾಹ್ನದ ಮೇಲೆ ಎಪ್ಪತ್ತು ಮುಟ್ಟಬಹುದು ಸಾರ್, ಸ್ಟಾಕ್ ಲೆಕ್ಕ ಓಡಿಸ್ತಾರೆ," ಅಂದೆ.

"ಒಳ್ಳೇದು, ಒಳ್ಳೇದು," ಅಂತ ತಲೆಯಾಡಿಸಿ ಹೋದರು.

ಮಾರನೆಯ ದಿನವೂ ಬಂದರು. ಅದರ ಮಾರನೆಯ ದಿನವೂ. ಕಡಿಮೆ ಇರುತ್ತೆ ಅಂದ ದಿನ ಅವರ ಮುಖ ಬಾಡುತ್ತಿತ್ತು. ಕೊನೆಗೂ ಒಬ್ಬರಿಗೆ ನನ್ನ ಕೆಲಸದ ಬೆಲೆ ಗೊತ್ತಾಯಿತಲ್ಲ ಅಂತ, ಅವರಿಗೋಸ್ಕರವೇ ವರದಿಗೆ ಬಣ್ಣದ ಗ್ರಾಫು ಸೇರಿಸಿದೆ. ಯಾವ ಹೊತ್ತಿನಲ್ಲಿ ಎಷ್ಟು ಏರುತ್ತೆ ಅಂತ ವಿವರಣೆಯನ್ನೂ ಬರೆದೆ. ಮನೆಯಲ್ಲಿ ಯಜಮಾನರ ಹತ್ತಿರ ಹೇಳಿಕೊಂಡು ಜಂಬವನ್ನೂ ಪಟ್ಟೆ.

ಒಂದು ಸಂಜೆ ಸರ್ವರು ಕಿರ್‍ರ್ ಅಂತ ಶಬ್ದ ಮಾಡೋಕೆ ಶುರು ಮಾಡಿತು. ಬಿಸಿ ಗಾಳಿ ಹೊರಗೆ ಹೋಗುತ್ತಿಲ್ಲ ಅಂತ ಎಚ್ಚರಿಕೆ. ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ಬಿಸಿ ಗಾಳಿ ಬರುವ ಜಾಗದಲ್ಲಿ ಅಚ್ಚುಕಟ್ಟಾಗಿ ಒಂದು ದಾರ ಕಟ್ಟಿತ್ತು. ದಾರದ ಮೇಲೆ ಒಂದು ಜೊತೆ ಕಾಲುಚೀಲ, ಒಂದು ಕರ್ಚೀಫು, ಒಂದು ಜರ್ಕಿನ್ನು.

ನಾನು ಜರ್ಕಿನ್ನನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಬಾಗಿಲು ತೆಗೆದು ಲೆಕ್ಕಾಧಿಕಾರಿಗಳು ಒಳಗೆ ಬಂದರು. ನಾಚಿಕೆ ಪಡುತ್ತಾರೆ ಅಂದುಕೊಂಡೆ. ಅವರು ಜರ್ಕಿನ್ನಿನ ತೋಳನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, ನನ್ನನ್ನು ಬೇಸರದಿಂದ ನೋಡಿದರು.

"ಎಪ್ಪತ್ತು ಅಂದಿದ್ರಿ. ಇನ್ನೂ ಹಸಿ ಇದೆ. ವರದೀನ ಸ್ವಲ್ಪ ಕರೆಕ್ಟಾಗಿ ಕೊಡಿ ಅಮ್ಮ, ನಂಬಿಕೊಂಡಿರ್ತೀವಿ."

ಕುಣಿಗಲ್ ಬಸ್ಸು

ಪ್ರೊಸೆಸರ್ ತೊಂಬತ್ತು ದಾಟಿದರೆ ನನ್ನ ಮೊಬೈಲಿಗೆ ಕನ್ನಡದಲ್ಲೇ ಮೆಸೇಜು ಬರುವ ಹಾಗೆ ಮಾಡಿಟ್ಟುಕೊಂಡಿದ್ದೇನೆ. ಒಂದು ದಿನ ಕುಣಿಗಲ್ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜಿ, ಮಡಿಲಲ್ಲಿ ದೇವರ ಹೂವಿನ ಕವರು. ಫೋನು ಗುಂಯ್ ಅಂದಿತು. 'ತೊಂಬತ್ತೈದು. ಪರಿಸ್ಥಿತಿ ಗಂಭೀರ. ಕೂಡಲೇ ಗಮನಿಸಿ.'

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನಗಿಂತ ಮೊದಲೇ ಓದಿಬಿಟ್ಟರು.

"ಯಾರಿಗವ್ವ ಹುಷಾರಿಲ್ಲ?"

ನಾನಾಗಲೇ ಆಫೀಸಿಗೆ ಫೋನು ಮಾಡಿದ್ದೆ, ಕಿವಿಗೆ ಬೀಳಲಿಲ್ಲ. ಕೊರೊನಾ ಕಾಲದಿಂದ ನಮ್ಮ ಕಡೆ ಅಜ್ಜಿಯರಿಗೂ ಆಕ್ಸಿಜನ್ ಲೆಕ್ಕ ಬಾಯಿಪಾಠ. ಅವರು ನನ್ನ ಮೊಣಕಾಲು ತಟ್ಟಿ, "ತೊಂಬತ್ತೈದು ಐತೆ ಅಂದ್ರೆ ಏನೂ ಆಗಕಿಲ್ಲ ಕಣವ್ವ, ಧೈರ್ಯವಾಗಿರು," ಅಂದರು.

ನಾನು ಫೋನಿನಲ್ಲಿ ಕಿರುಚಿದೆ: "ತೊಂಬತ್ತೆಂಟಕ್ಕೆ ಹೋಯ್ತಲ್ರೀ! ಏನು ಮಾಡ್ತಾ ಕೂತಿದೀರ ಎಲ್ಲ?"

ಅಜ್ಜಿ ಸಂತೋಷದಿಂದ ಹೂವಿನ ಕವರಿಗೆ ಕೈ ಮುಗಿದರು. ಆ ಕಡೆಯಿಂದ ನಮ್ಮವರು, ಒಂದು ದೊಡ್ಡ ಕೆಲಸ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದೆ, ಮುಗಿಯುತ್ತಲೇ ಇಲ್ಲ ಅಂದರು. ಅಂಥದ್ದನ್ನು ಅರ್ಧಕ್ಕೇ ನಿಲ್ಲಿಸೋದಕ್ಕೆ ನಮ್ಮಲ್ಲಿ ಸಾಯಿಸೋದು ಅಂತಲೇ ಹೇಳೋದು.

"ಬೆಳಿಗ್ಗೆಯಿಂದ ಒದ್ದಾಡ್ತಿದೆಯಾ? ಇನ್ನೂ ಯಾಕೆ ಇಟ್ಕೊಂಡಿದೀರಿ, ಸಾಯ್ಸಿಬಿಡಿ," ಅಂದೆ.

ಮೊಣಕಾಲ ಮೇಲಿದ್ದ ಕೈ ಹಿಂದಕ್ಕೆ ಹೋಯಿತು.

"ಸಾಹೇಬ್ರನ್ನ ಯಾಕೆ ಕೇಳ್ಬೇಕು? ನಾನು ಹೇಳ್ತಿದೀನಲ್ಲ, ಸಾಯ್ಸಿ. ಹಾಂ... ಆಯ್ತಾ? ಮೂವತ್ತಕ್ಕೆ ಇಳೀತಾ? ಅಬ್ಬ! ಈಗ ನೆಮ್ಮದಿ ಆಯ್ತು ನೋಡಿ. ಊಟಕ್ಕೆ ಹೋಗಿ ಎಲ್ಲರೂ."

ಫೋನಿಟ್ಟು ಪಕ್ಕಕ್ಕೆ ತಿರುಗಿ ನಕ್ಕೆ. ಅಜ್ಜಿ ಎದ್ದು ನಿಂತಿದ್ದರು. ಬಸ್ಸಿಗೆಲ್ಲ ಕೇಳುವ ಹಾಗೆ ಕಂಡಕ್ಟರನ್ನು ಕೂಗಿದರು.

"ಯಪ್ಪಾ, ನಂಗೆ ಬೇರೆ ಸೀಟ್ ಕೊಡಪ್ಪ. ನಂಗೂ ಬೆಳಿಗ್ಗೆಯಿಂದ ಸ್ವಲ್ಪ ಮೈಗೆ ಸರಿ ಇಲ್ಲ!"

ಪಾಲು

ನಮ್ಮ ಸರ್ವರಿಗೆ ವಯಸ್ಸಾಗಿತ್ತು. ಬಿತ್ತನೆ ಕಾಲದಲ್ಲಿ ಅದು ಮಲಗಿಬಿಟ್ಟರೆ ರೈತರಿಗೆ ಗೊಬ್ಬರ ಸಿಗಲ್ಲ, ಬೈಗುಳ ನನಗೆ ತಪ್ಪಲ್ಲ. ಹೊಸದು ಬೇಕು ಅಂತ ಆಡಳಿತ ಮಂಡಳಿಗೆ ಅರ್ಜಿ ಹಾಕಿದಾಗಲೆಲ್ಲ 'ಮುಂದಿನ ಸಭೆಗೆ' ಅಂತ ತಳ್ಳುತ್ತಿದ್ದರು. ಈ ಸಲ ಕಣ್ಣಿಗೆ ಕಾಣೋ ಹಾಗೆ ತೋರಿಸಬೇಕು ಅಂತ, ಯಾವ ಶಾಖೆ ಪ್ರೊಸೆಸರನ್ನು ಎಷ್ಟು ಬಳಸುತ್ತೆ ಅನ್ನೋದರ ಚಿತ್ರ ಮಾಡಿದೆ. ಗುಬ್ಬಿಯದು ಹಸಿರು, ಅಗಲವಾಗಿತ್ತು. ಕುಣಿಗಲ್ಲಿನದು ಕೆಂಪು, ಒಂದು ಗೆರೆ. ಅದನ್ನು ಸಭೆಯಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದೆ. ಅದಕ್ಕಿಂತ ಹುಲ್ಲಿನ ಮೆದೆಯ ಮೇಲೆ ಎಣ್ಣೆ ಸುರಿದು ಬೆಂಕಿಕಡ್ಡಿ ಗೀರಿದ್ದರೂ ವಾಸಿಯಿತ್ತು.

ಕುಣಿಗಲ್ ಕಡೆಯ ನಿರ್ದೇಶಕರು ಎದ್ದು ನಿಂತರು. "ಯಾಕಮ್ಮ, ನಮಗೆ ಇಷ್ಟೇನಾ?"

"ಸಾರ್, ಇದು ನಾವು ಕೊಟ್ಟಿದ್ದಲ್ಲ. ನೀವು ಬಳಸಿರೋದು."

"ಬಿಟ್ರೆ ತಾನೇ ಬಳಸೋದು! ನಾಲೆ ನೀರಲ್ಲೂ ಹಿಂಗೇ ಮಾಡ್ತೀರ, ಇದರಲ್ಲೂ ಹಿಂಗೇ ಮಾಡ್ತೀರ!"

ಗುಬ್ಬಿಯ ನಿರ್ದೇಶಕರು ಸುಮ್ಮನಿರ್ತಾರಾ? "ನಮ್ಮ ಪಾಲಿಂದು ನಾವು ತಗೋತಿದೀವಿ. ನಿಮಗೆ ಬೇಡದಿದ್ರೆ ಅದನ್ನೂ ಈ ಕಡೆಗೇ ತಿರುಗಿಸ್ಲಿ."

ಅಲ್ಲಿಯವರೆಗೆ ತೂಕಡಿಸುತ್ತಾ ಕೂತಿದ್ದ ಅಧ್ಯಕ್ಷರು, ತುಮಕೂರಿನವರು, ಎಚ್ಚರವಾಗಿ ಕೇಳಿದರು: "ಈ ಪ್ರೊಸೆಸರು ಎಲ್ಲಿಂದ ಹೊರಡುತ್ತೆ?"

"ಇಲ್ಲಿಂದಲೇ ಸಾರ್, ಹೆಡ್ಡಾಫೀಸಿಂದ."

"ಹಂಗಾದ್ರೆ ಮೊದಲು ತುಮಕೂರಿಗೆ. ಮಿಕ್ಕಿದ್ದು ನೀವಿಬ್ಬರು ಹಂಚ್ಕೊಳಿ."

ಆಮೇಲೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಸ್ಥಳ ಪರಿಶೀಲನೆ ಆಗಲೇಬೇಕು ಅಂತ ತೀರ್ಮಾನವಾಗಿ, ಮಂಡಳಿಯವರೆಲ್ಲ ಚಪ್ಪಲಿ ಬಿಟ್ಟು ಸರ್ವರ್ ರೂಮಿಗೆ ಬಂದರು. ತೂಬು ನೋಡೋಕೆ ಬಂದವರ ಹಾಗೆ ಪಂಚೆ ಎತ್ತಿ ಕಟ್ಟಿಕೊಂಡು ಬಗ್ಗಿ ಬಗ್ಗಿ ನೋಡಿದರು. ಗುಬ್ಬಿಗೆ ಹೋಗುವುದು ಹಳೆಯ ಕಾಲದ ದಪ್ಪನೆಯ ಕರಿ ಕೇಬಲು. ಕುಣಿಗಲ್ಲಿಗೆ ಆಗತಾನೇ ಹೊಸ ನಮೂನೆಯದು ಹಾಕಿಸಿದ್ದೆ, ಹಳದಿ ದಾರದ ಹಾಗೆ ಸಣ್ಣಗಿತ್ತು. ನಿಜ ಹೇಳಬೇಕೆಂದರೆ ಅದೇ ಜಾಸ್ತಿ ಫಾಸ್ಟು.

"ನೋಡ್ರಪ್ಪ ನೋಡ್ರಿ!" ಕುಣಿಗಲ್ಲಿನವರು ಕೈ ತೋರಿಸಿದರು. "ಪೈಪೇ ಸಣ್ಣದು ಹಾಕವ್ರೆ! ಎಲ್ಲಿಂದ ಬರ್ಬೇಕು?"

ನಾನೆಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಎರಡೂ ಒಂದೇ ದಪ್ಪ ಇರತಕ್ಕದ್ದು ಅಂತ ನಿರ್ಣಯವಾಯಿತು. ಹೊಸ ಸರ್ವರಿನ ವಿಷಯ ಮುಂದಿನ ಸಭೆಗೆ.

ಮಾರನೆಯ ದಿನ ಅಂಗಡಿಯಿಂದ ದಪ್ಪನೆಯ ಕರಿ ಪೈಪು ತರಿಸಿ, ಅದರೊಳಗೆ ಅದೇ ಹಳದಿ ಕೇಬಲನ್ನು ತೂರಿಸಿ ಇಟ್ಟೆ. ಮಧ್ಯಾಹ್ನ ಕುಣಿಗಲ್ಲಿನವರ ಫೋನು ಬಂತು.

"ಈಗ ನೋಡಮ್ಮ, ಹೆಂಗ್ ನುಗ್ಗಿ ಬರ್ತಾ ಇದೆ! ಇದನ್ನ ಮೊದ್ಲೇ ಮಾಡೋಕೇನಾಗಿತ್ತು?"

ಅವರು ಇಟ್ಟ ತಕ್ಷಣ ಗುಬ್ಬಿಯವರ ಫೋನು.

"ಏನಮ್ಮ ಇದು? ಅವರಿಗೆ ಬಿಟ್ಟಿದ್ದೇ ಬಿಟ್ಟಿದ್ದು, ನಮ್ಮದು ಬತ್ತಿ ಹೋಯ್ತು!"

ಇಬ್ಬರ ಫೋನೂ ಅಧ್ಯಕ್ಷರಿಗೂ ಹೋಗುತ್ತಿತ್ತು. ಒಂದು ವಾರ ತಡೆದುಕೊಂಡರು. ಆಮೇಲೆ ನನ್ನನ್ನು ಕರೆದು ಎರಡೂ ಕೈ ಮುಗಿದು, "ತಾಯಿ, ಇಬ್ಬರಿಗೂ ಬೇರೆ ಬೇರೆ ಹೊಸ ಮಿಷನ್ನೇ ತಂದು ಹಾಕಿಬಿಡು. ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ಎತ್ತರ. ನಂಗೆ ರಾತ್ರಿ ನಿದ್ದೆ ಬಂದ್ರೆ ಸಾಕು," ಅಂದರು.

ಒಂದು ಕೇಳಿದ್ದೆ, ಎರಡು ಸಿಕ್ಕಿತು! ನಾನು ಖುಷಿಯಾಗಿ ಸರ್ವರುಗಳನ್ನು ಒಂದರ ಮೇಲೊಂದು ಕೂರಿಸುವ ಕಬ್ಬಿಣದ ರ‍್ಯಾಕು ತರಿಸಿದೆ. ಅದನ್ನು ನೋಡಿದ ಕೂಡಲೇ ನಿರ್ದೇಶಕರಿಬ್ಬರೂ ಒಂದೇ ಉಸಿರಿಗೆ ಕೇಳಿದರು: "ಮೇಲೆ ಯಾರದು?"

ಮೇಲಿದ್ದವರಿಗೆ ತಾನೇ ಮೊದಲು ಸಿಗೋದು ಅಂತ ಇಬ್ಬರ ವಾದ. ರ‍್ಯಾಕು ಅಲ್ಲಿಗೇ ನಿಂತಿತು. ಸಭಾಂಗಣದ ಉದ್ದನೆಯ ಮರದ ಮೇಜು ಸರ್ವರ್ ರೂಮಿಗೆ ಬಂತು.

ಹೊಸ ಸರ್ವರುಗಳನ್ನು ಕೂರಿಸೋಕೆ ಕಂಪನಿಯಿಂದ ಎಂಜಿನಿಯರ್ ಬಂದರು. ಆ ದಿನ ನಿರ್ದೇಶಕರಿಬ್ಬರೂ ಪೂಜೆಗೆ ಅಂತ ಹಾರ, ಕಾಯಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಎಂಜಿನಿಯರ್ ಖಾಲಿ ರ‍್ಯಾಕನ್ನೂ ಮರದ ಮೇಜನ್ನೂ ಒಂದೆರಡು ಸಲ ನೋಡಿದರು.

"ಅಷ್ಟು ಚೆನ್ನಾಗಿರೋ ರ‍್ಯಾಕ್ ಇಟ್ಕೊಂಡು ಮೇಜಿನ ಮೇಲೆ ಯಾಕೆ ಮೇಡಂ?"

"ಅದು ಬೇಡ. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಬಿಡಿ."

"ಸರಿ, ನಿಮ್ಮಿಷ್ಟ," ಅಂದು ಅವರು ಮೊದಲನೆಯ ಪೆಟ್ಟಿಗೆ ಬಿಚ್ಚಿ, ಸರ್ವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಗಟ್ಟಿಯಾಗಿ ಕೇಳಿದರು: "ಬಲಗಡೆ ಯಾರದು ಇಡ್ಲಿ?"

ನಾನು ಓಡಿಹೋಗಿ ಅವರ ಬಾಯಿಗೆ ಅಡ್ಡ ಕೈ ಹಿಡಿದೆ.

"ಮೆತ್ತಗೆ ಮಾತಾಡ್ರೀ! ಆ ಪ್ರಶ್ನೆ ಅವರಿಬ್ಬರಿಗೂ ಇನ್ನೂ ಹೊಳೆದಿಲ್ಲ!"